ಕಾವಲು ಇಳಿಯುವ ಹೊತ್ತು

ಮಂಡಿ ಆಪರೇಷನ್ ಆದವರಿಗೆ ಹೇಳಿಕೊಡುವ ಮೊದಮೊದಲ ವ್ಯಾಯಾಮಗಳಲ್ಲಿ ಒಂದು, ನೋಡುವವರ ಕಣ್ಣಿಗೆ ವ್ಯಾಯಾಮದಂತೆಯೇ ಕಾಣುವುದಿಲ್ಲ. ಮಂಡಿಯ ಕೆಳಗೆ ಟವೆಲ್ ಸುತ್ತಿಟ್ಟು, ಮಂಡಿಚಿಪ್ಪಿನ ಮೇಲ್ಗಡೆಯ ಸ್ನಾಯುವಿನ ಮೇಲೆ ಎರಡು ಬೆರಳಿಟ್ಟು ಫಿಸಿಯೋಥೆರಪಿಸ್ಟ್ ಹೇಳುತ್ತಾರೆ: "ಅಮ್ಮಾ, ಟವೆಲ್ಲನ್ನ ಕೆಳಕ್ಕೆ ಒತ್ತಿ." ಆಕೆ ಹಲ್ಲು ಕಚ್ಚಿ ಒತ್ತುತ್ತಾರೆ. ಸೊಂಟ ಅಲುಗುತ್ತದೆ, ಭುಜ ಬಿಗಿಯುತ್ತದೆ. ಬೆರಳ ಕೆಳಗಿನ ತೊಡೆ ಮಾತ್ರ ಮಿಸುಕುವುದಿಲ್ಲ.

ನೋವಿಗೆ ಹೆದರಿ ಒತ್ತುತ್ತಿಲ್ಲ ಎಂದು ಮನೆಯವರು ಗದರುವುದುಂಟು. ಆದರೆ ಆಕೆಯ ಮನಸ್ಸಿನಲ್ಲಿ ಕೊರತೆಯಿಲ್ಲ. ಕೀಲು ಊದಿಕೊಂಡಾಗ ಅಲ್ಲಿಂದ ಹೊರಟ ನರಸಂಕೇತಗಳು ಬೆನ್ನುಹುರಿಯಲ್ಲೇ ತೊಡೆಯ ಸ್ನಾಯುವಿಗೆ ಕಡಿವಾಣ ಹಾಕುತ್ತವೆ. ಪೆಟ್ಟು ಬಿದ್ದ ಜಾಗವನ್ನು ದೇಹ ಕಾಯುವ ರೀತಿ ಅದು. ತೊಡಕೆಂದರೆ, ತನ್ನ ಕೆಲಸ ಮುಗಿಯಿತೆಂದು ಆ ಕಾವಲಿಗೆ ಗೊತ್ತಾಗುವುದಿಲ್ಲ. ಗಾಯ ಮಾಗಿದ ಮೇಲೂ ಅದು ಮುಂದುವರಿದು, ಉಳಿಸಬೇಕಾದ ಕಾಲನ್ನೇ ಸೊರಗಿಸುತ್ತದೆ.

ವೈದ್ಯಕೀಯವೂ ಈ ಇಕ್ಕಟ್ಟನ್ನು ಹಾದುಬಂದಿದೆ. 19ನೇ ಶತಮಾನದ ಬ್ರಿಟನ್ನಿನಲ್ಲಿ ಮೂಳೆಚಿಕಿತ್ಸೆಗೆ ಬುನಾದಿ ಹಾಕಿದ ಹ್ಯೂ ಓವೆನ್ ಥಾಮಸ್, ಎಡೆಬಿಡದ ದೀರ್ಘ ವಿಶ್ರಾಂತಿಯೇ ಮದ್ದೆಂದು ನಂಬಿದ್ದರು. ಅವರ ಹೆಸರಿನ ಸ್ಪ್ಲಿಂಟ್ ಮೊದಲ ಮಹಾಯುದ್ಧದಲ್ಲಿ ತೊಡೆಮೂಳೆ ಮುರಿದ ಎಷ್ಟೋ ಸೈನಿಕರ ಜೀವ ಉಳಿಸಿತು. 1892ರಲ್ಲಿ ಜರ್ಮನಿಯ ಯೂಲಿಯುಸ್ ವೋಲ್ಫ್ ಇನ್ನೊಂದು ಮಾತು ಮುಂದಿಟ್ಟರು: ಮೂಳೆ ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ತನ್ನನ್ನು ಕಟ್ಟಿಕೊಳ್ಳುತ್ತದೆ. ಎರಡೂ ದಿಟವೇ. ಅದಕ್ಕೇ ಇಂದು ಮಂಡಿಕೀಲು ಬದಲಿಸಿದವರನ್ನು ಅಂದೋ ಮರುದಿನವೋ ವಾಕರ್ ಹಿಡಿಸಿ ನಿಲ್ಲಿಸುತ್ತಾರೆ. ಕೆಲವು ಬಗೆಯ ಮುರಿತಗಳಲ್ಲಿ ವಾರಗಟ್ಟಲೆ ಕಾಲೂರಲು ಬಿಡುವುದಿಲ್ಲ.

ಹಾಗಾದರೆ ಎಷ್ಟು ಕಾಯಬೇಕು, ಎಲ್ಲಿ ಬಿಡಬೇಕು? ಈ ಪ್ರಶ್ನೆ ಮನೆಯವರ ಅಕ್ಕರೆಗೂ ಅನ್ವಯಿಸುತ್ತದೆ. ಹಾಸಿಗೆಗೇ ನೀರಿನ ಲೋಟ ತಂದುಕೊಡುವ ಮಗಳು ಮೊದಲ ವಾರ ಆಸರೆ. ಎರಡು ತಿಂಗಳಾದರೂ ಏಳಗೊಡದಿದ್ದರೆ ಅವಳ ಪ್ರೀತಿಯೇ ಬಿಚ್ಚಲು ಮರೆತ ಪ್ಲಾಸ್ಟರಿನಂತೆ. ಕೊಡುವವರಿಗೂ ಪಡೆಯುವವರಿಗೂ ಅದು ಹಿತವಾಗಿರುವುದರಿಂದ ಯಾರಿಗೂ ಅದರ ಬಿಗಿ ತಿಳಿಯುವುದಿಲ್ಲ.

ಫಿಸಿಯೋಥೆರಪಿಯಲ್ಲಿ ಇದಕ್ಕೊಂದು ಸರಳ ಪರೀಕ್ಷೆಯಿದೆ. ವ್ಯಾಯಾಮದ ನೋವು ಮರುದಿನದ ಹೊತ್ತಿಗೆ ತಗ್ಗಿದ್ದರೆ ಭಾರ ಸರಿಯಾಗಿತ್ತು. ಮಂಡಿ ಊದಿ ಬಿಸಿಯಾಗಿದ್ದರೆ ಹೆಚ್ಚಾಗಿತ್ತು, ಇಂದು ಕಡಿಮೆ ಮಾಡಬೇಕು. ಉತ್ತರ ಸಿಗುವುದು ಮಾಡಿದ ಮೇಲೆಯೇ. ಅಕ್ಕರೆಗೂ ಬೇರೆ ದಾರಿಯಿಲ್ಲ. ಒಮ್ಮೆ ಕೈ ಬಿಟ್ಟು ನೋಡದೆ, ಎಷ್ಟು ಹಿಡಿದುಕೊಳ್ಳಬೇಕಿತ್ತೆಂದು ತಿಳಿಯುವುದಿಲ್ಲ.