ಸ್ಕ್ರೂ ಸಡಿಲಿಸುವ ದಿನ

ಯಮಾಹಾ ಪಿಡಬ್ಲ್ಯೂ50 ಎಂಬ ಪುಟ್ಟ ಬೈಕಿನ ಆಕ್ಸಿಲರೇಟರ್ ಹಿಡಿಯ ಬಳಿ ಒಂದು ಸ್ಕ್ರೂ ಇದೆ. ಅದನ್ನು ಬಿಗಿ ಮಾಡಿದಷ್ಟೂ ಹಿಡಿ ಕಡಿಮೆ ತಿರುಗುತ್ತದೆ, ಬೈಕು ನಿಧಾನವಾಗುತ್ತದೆ. 1980ರ ದಶಕದ ಆರಂಭದಲ್ಲಿ ಬಂದ, ರಸ್ತೆಗಿಳಿಯದೆ ಮಣ್ಣಿನಲ್ಲಷ್ಟೇ ಓಡಿಸುವ ಮಕ್ಕಳ ಬೈಕು ಇದು. 49 ಸಿಸಿ ಎಂಜಿನ್. ಬದಲಾಯಿಸಲು ಗೇರಿಲ್ಲ, ಕ್ಲಚ್ಚಿಲ್ಲ. ಬೆರಳು ಸಿಕ್ಕಿಕೊಳ್ಳುವ ಚೈನಿನ ಬದಲು ಶಾಫ್ಟ್. ಎರಡೂ ಬ್ರೇಕು ಸೈಕಲ್ಲಿನಂತೆ ಕೈಯಲ್ಲೇ. ನಾಲ್ಕು ದಶಕಗಳಲ್ಲಿ ಹೆಚ್ಚೇನೂ ಬದಲಾಗಿಲ್ಲ.

ನನ್ನನ್ನು ಕಾಡುವುದು ಆ ಸ್ಕ್ರೂ. 'ನಿಧಾನ ಹೋಗು' ಎಂದು ಅಪ್ಪ ಕೂಗಿದರೆ ಮಗು ಕೇಳಬಹುದು, ಕೇಳದೆಯೂ ಇರಬಹುದು. ಸ್ಕ್ರೂ ಬಿಗಿದ ಮೇಲೆ ಎರಡೂ ಸಾಧ್ಯವಿಲ್ಲ. ಮಗು ಸಮತೋಲನ ಕಲಿಯುತ್ತದೆ, ಬ್ರೇಕು ಹಿಡಿಯುವುದನ್ನು ಕಲಿಯುತ್ತದೆ. ತನ್ನನ್ನು ತಾನು ತಡೆದುಕೊಳ್ಳುವುದನ್ನು ಮಾತ್ರ ಕಲಿಯುವುದಿಲ್ಲ. ಹಾಗೆಂದು ಸ್ಕ್ರೂ ಬೇಡ ಎನ್ನಲಾರೆ. ಐದು ವರ್ಷದ ಮಗುವಿನ ಮೊದಲ ಅವಿಧೇಯತೆಯೇ ಕೊನೆಯದೂ ಆಗಬಹುದು.

ಜಾನ್ ಸ್ಟುವರ್ಟ್ ಮಿಲ್ 1859ರ 'ಆನ್ ಲಿಬರ್ಟಿ'ಯಲ್ಲಿ, ತನ್ನ ಸ್ವಾತಂತ್ರ್ಯದ ತತ್ವ ಮಕ್ಕಳಿಗೆ ಅನ್ವಯಿಸದು ಎಂದು ಆರಂಭದಲ್ಲೇ ಹೇಳಿಬಿಡುತ್ತಾನೆ. ಅಲ್ಲಿಗೇ ನಿಲ್ಲಿಸಿದ್ದರೆ ತಕರಾರಿರಲಿಲ್ಲ. ಬೆನ್ನಿಗೇ 'ಹಿಂದುಳಿದ' ಸಮಾಜಗಳನ್ನೂ ಅದೇ ಪಟ್ಟಿಗೆ ಸೇರಿಸುತ್ತಾನೆ. 1823ರಿಂದ 1858ರವರೆಗೆ ಈಸ್ಟ್ ಇಂಡಿಯಾ ಕಂಪನಿಯ ನೌಕರನಾಗಿದ್ದವನು; ಅವನ ಲೆಕ್ಕದಲ್ಲಿ ನಮ್ಮ ಮುತ್ತಜ್ಜಂದಿರೂ ಇನ್ನೂ ಬೆಳೆಯದ ಮಕ್ಕಳು. ಆ ಸ್ಕ್ರೂ ಸಡಿಲಿಸುವ ದಿನ ಯಾವುದೆಂದು ಮಾತ್ರ ಎಲ್ಲೂ ಬರೆದಿಡಲಿಲ್ಲ.

ಕಾಳಜಿಯೂ ಕೆಲವೊಮ್ಮೆ ಅತಿಯಾಗಿ ಬಿಗಿಯುತ್ತದೆ. ಮಕ್ಕಳ ವಸ್ತುಗಳಲ್ಲಿನ ಸೀಸಕ್ಕೆ ಮಿತಿ ಹಾಕಿದ ಅಮೆರಿಕದ 2008ರ ಕಾನೂನಿನ ಬಲೆಗೆ ಇಂಥ ಬೈಕುಗಳೂ ಬಿದ್ದವು. 2009ರ ಫೆಬ್ರುವರಿಯಲ್ಲಿ ಅಂಗಡಿಗಳು ಅವನ್ನು ಮಾರಾಟದಿಂದ ತೆಗೆದವು. ಚಾಸಿಯನ್ನು ಯಾವ ಮಗು ನೆಕ್ಕುತ್ತದೆ ಎಂದು ಸವಾರರು ನಕ್ಕರು. ಆದರೆ ಚಿಕ್ಕ ಬೈಕು ಸಿಗದ ಮಕ್ಕಳು ದೊಡ್ಡವರ ಬೈಕು ಏರಿಯಾರು ಎಂಬ ಆತಂಕ ನಗುವಂಥದ್ದಾಗಿರಲಿಲ್ಲ. 2011ರ ಆಗಸ್ಟಿನಲ್ಲಿ ಸಂಸತ್ತು ವಿನಾಯಿತಿ ಕೊಟ್ಟಿತು.

ಹೀಗಾಗಿ ಸ್ಕ್ರೂ ಎಷ್ಟು ಬಿಗಿಯಿರಬೇಕು ಎಂಬುದಕ್ಕಿಂತ, ಅದು ಅಲ್ಲಿದೆ ಎಂದು ಮಗುವಿಗೆ ಗೊತ್ತೇ ಎಂಬುದು ನನಗೆ ದೊಡ್ಡ ಪ್ರಶ್ನೆ. ಗೊತ್ತಿಲ್ಲದ ಮಗು, ಬೈಕಿನ ಶಕ್ತಿಯೇ ಇಷ್ಟು ಎಂದುಕೊಳ್ಳುತ್ತದೆ. ಗೊತ್ತಿರುವ ಮಗು ಇನ್ನೊಂದು ಸುತ್ತು ಸಡಿಲಿಸು ಎಂದು ಕೇಳುತ್ತದೆ, ಆಗ ಅಪ್ಪನೂ ಕಾರಣ ಕೊಡಬೇಕಾಗುತ್ತದೆ. ಅನೇಕ ಮನೆಗಳಲ್ಲಿ ಮಗು ಮಲಗಿದ ಮೇಲೆಯೇ ಸ್ಕ್ರೂಡ್ರೈವರ್ ಹೊರಬರುತ್ತದೆ.