ಅಗಲಿಕೆಯ ಹಾಡು, ಗೆಲುವಿನ ತಕ್ಕಡಿ

ಅಗಲಿಕೆಯ ಹಾಡನ್ನು ಪಂದ್ಯಕ್ಕೆ ಒಡ್ಡಿ, ಅಂಕ ಕೊಟ್ಟು, ಗೆದ್ದಿತು ಅಥವಾ ಸೋತಿತು ಎಂದು ಸಾರುವುದು ನೋವಿಗೆ ಬಗೆಯುವ ಅಪಚಾರವೇ ಎಂಬ ಪ್ರಶ್ನೆಯು ರಸತತ್ತ್ವಕ್ಕೆ ಎಷ್ಟು ಸೇರಿದ್ದೋ ಧರ್ಮಚಿಂತನೆಗೂ ಅಷ್ಟೇ ಸೇರಿದ್ದು. 1995ರಲ್ಲಿ ಡಬ್ಲಿನ್ ನಗರದಲ್ಲಿ 23 ದೇಶಗಳು ಪಾಲ್ಗೊಂಡ ಯೂರೋವಿಷನ್ ಗೀತಸ್ಪರ್ಧೆಯಲ್ಲಿ ಸ್ಪೇನಿನ ಗಾಯಕಿ ಅನಾಬೆಲ್ ಕೊಂದೆ ಹಾಡಿದ ‘ಬ್ವೆಲ್ವೆ ಕೊನ್ಮೀಗೊ’, ಅಂದರೆ ‘ನನ್ನ ಬಳಿಗೆ ಮರಳಿ ಬಾ’ ಎಂಬ ವಿರಹಗೀತೆಯು 119 ಅಂಕ ಪಡೆದು ಎರಡನೆಯ ಸ್ಥಾನದಲ್ಲಿ ನಿಂತಿತು. ಹಾಡು ಕರೆದದ್ದು ಅಗಲಿದ ಒಬ್ಬನನ್ನು; ಓಗೊಟ್ಟದ್ದು ಹಲವು ದೇಶಗಳ ತೀರ್ಪುಗಾರರು.

ಭರತನ ನಾಟ್ಯಶಾಸ್ತ್ರವು ಅಗಲಿಕೆಯನ್ನು ಎರಡು ಬಗೆಯಾಗಿ ಕಾಣುತ್ತದೆ: ಮರಳಿ ಕೂಡುವ ಆಸೆ ಉಳಿದಿರುವ ‘ಸಾಪೇಕ್ಷ’ ಭಾವವು ವಿಪ್ರಲಂಭ ಶೃಂಗಾರವೆನಿಸಿದರೆ, ಆ ಆಸೆಯೇ ಕಡಿದುಹೋದ ‘ನಿರಪೇಕ್ಷ’ ಶೋಕವು ಕರುಣರಸವೆನಿಸುತ್ತದೆ. ಸ್ಪೇನಿನ ಗೀತೆ ಮೊದಲನೆಯದಕ್ಕೆ ಸೇರಿದ್ದು. ಎರಡನೆಯದಕ್ಕೆ ನಿದರ್ಶನವು ಕೃಷ್ಣೆ ತುಂಗಭದ್ರೆಗಳ ನಡುವಣ ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯಲ್ಲೇ ದೊರೆಯುತ್ತದೆ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲು ಹಿಂದೂ ಮುಸ್ಲಿಮರು ಕೂಡಿ ಆಚರಿಸುವ ಮೊಹರಮ್ಮಿಗೆ ಹೆಸರಾದ ಊರು, ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ಮಡಿದ ಪ್ರವಾದಿಯ ಮೊಮ್ಮಗ ಇಮಾಮ್ ಹುಸೇನರನ್ನು ನೆನೆಯುವ ಕನ್ನಡದ ಶೋಕಗೀತೆಗಳಿಗೆ ಉತ್ತರ ಕರ್ನಾಟಕದಲ್ಲಿ ರಿವಾಯತ್ ಪದಗಳೆಂದು ಹೆಸರು. ‘ರಿವಾಯತ್’ ಎಂದರೆ ಅರಬ್ಬಿಯಲ್ಲಿ ಕಥನ. ಈ ಪದಗಳಿಗೂ ಪಂದ್ಯದ ಮುಖವುಂಟು: ಒಂದು ಮೇಳ ಹಾಡಿನಲ್ಲೇ ಸವಾಲು ಹಾಕುತ್ತದೆ, ಎದುರು ಮೇಳ ಹಾಡಿನಲ್ಲೇ ಜವಾಬು ಕೊಡುತ್ತದೆ.

ಶೋಕವೂ ಸವಾಲೂ ಒಂದೇ ಕೊರಳಿನಲ್ಲಿ ಹೇಗೆ ನಿಲ್ಲಬಲ್ಲವು ಎಂಬುದಕ್ಕೆ ಭಟ್ಟನಾಯಕನು ಹೇಳಿ ಅಭಿನವಗುಪ್ತನು ಬೆಳೆಸಿದ ‘ಸಾಧಾರಣೀಕರಣ’ದಲ್ಲಿ ಉತ್ತರವಿದೆ, ಭಾವವು ಒಬ್ಬರ ಸ್ವಂತದ್ದೆಂಬ ಕಟ್ಟನ್ನು ಕಳಚಿ ಎಲ್ಲರದಾಗುವುದೇ ಸಾಧಾರಣೀಕರಣ. ಹುಸೇನರಿಗೆ ನೆಂಟನೂ ಅಲ್ಲದ, ಹಲವೊಮ್ಮೆ ಅವರ ಮತದವನೂ ಅಲ್ಲದ ಹಾಡುಗಾರನು ಆ ಸಾವನ್ನು ಹಾಡುವಾಗ ಶೋಕವು ಆಗಲೇ ಯಾರೊಬ್ಬರ ಸೊತ್ತೂ ಆಗಿರುವುದಿಲ್ಲವಾದ್ದರಿಂದ, ಪಣಕ್ಕೆ ಬೀಳುವುದು ಕಥೆಯ ನೆನಪು, ಧಾಟಿ, ಉಸಿರಿನ ಹಿಡಿತ ಇವೇ ಹೊರತು ದುಃಖವಲ್ಲ. ಹಾಡುಗಾರನು ತೀರ್ಪುಗಾರನಿಗೆಂದೇ ಕಣ್ಣೀರನ್ನು ಅಳೆದು ಸುರಿಸತೊಡಗಿದಾಗ ಮಾತ್ರ ಅಪಚಾರ ಮೊದಲಾಗುತ್ತದೆ, ಏಕೆಂದರೆ ಎಲ್ಲರದಾಗಿದ್ದ ಭಾವವು ಆಗ ಮತ್ತೆ ಒಬ್ಬನ ಲಾಭಕ್ಕೆ ಇಳಿಯುತ್ತದೆ.

ನಾಟ್ಯಶಾಸ್ತ್ರವು ಪಂದ್ಯವನ್ನು ನಿಷೇಧಿಸುವುದಿಲ್ಲ. ಪ್ರಯೋಗದ ಗುಣದೋಷಗಳನ್ನು ಎಣಿಸುವ ‘ಪ್ರಾಶ್ನಿಕ’ರನ್ನೂ ಗೆದ್ದವರಿಗೆ ಸಲ್ಲುವ ಪತಾಕೆಯನ್ನೂ ಅದು ಹೇಳುತ್ತದೆ, ಆದರೆ ಪ್ರಯೋಗದ ಸಫಲತೆಯನ್ನು, ಅಂದರೆ ‘ಸಿದ್ಧಿ’ಯನ್ನು, ಎರಡಾಗಿ ವಿಂಗಡಿಸುತ್ತದೆ. ನಗೆ, ಮೆಚ್ಚುಗೆಯ ಉದ್ಗಾರ, ರೋಮಾಂಚಗಳಿಂದ ತಿಳಿಯುವುದು ಮಾನುಷೀ ಸಿದ್ಧಿ. ರಂಗ ತುಂಬಿದ್ದೂ ಸದ್ದಿಲ್ಲದೆ, ಕದಲಿಕೆಯಿಲ್ಲದೆ ಇರುವುದು ದೈವೀ ಸಿದ್ಧಿ. ಮೊದಲನೆಯದನ್ನು ಎಣಿಸಬಹುದು, ಎರಡನೆಯದರಲ್ಲಿ ಎಣಿಸಲು ಏನೂ ಇರುವುದಿಲ್ಲ. ಡಬ್ಲಿನ್ನಿನಲ್ಲಿ ಸ್ಪೇನಿನ ಮೊರೆಯನ್ನು ಹಿಂದಿಕ್ಕಿದ ನಾರ್ವೆಯ ‘ನಾಕ್ಟರ್ನ್’ ಬಹುಪಾಲು ವಾದ್ಯವೇ ಆಗಿದ್ದು, ಮಾತು ತೀರ ಕಡಿಮೆಯಿದ್ದ ರಚನೆ ಎಂಬುದು ಇಲ್ಲಿ ನೆನೆಯತಕ್ಕದ್ದು.

ಮೊಹರಮ್ಮಿನ ಕೊನೆಯ ದಿನ ಅಲಾಯಿ ದೇವರುಗಳು, ಅಂದರೆ ಹುಸೇನರ ನೆನಪಿನ ಪಂಜಾಗಳು, ದಫನಿಗೆ, ಅಂದರೆ ವಿಸರ್ಜನೆಗೆ, ಹೊರಟಾಗ ಸವಾಲು ಹಾಕಿದವರೂ ಜವಾಬು ಕೊಟ್ಟವರೂ ಒಂದೇ ಮೆರವಣಿಗೆಯಲ್ಲಿ ನಡೆಯುತ್ತಾರೆ. ಪಂದ್ಯವು ಶೋಕದೊಳಗೆ ಹುಟ್ಟಿ ಶೋಕದೊಳಗೇ ಮುಗಿಯುವವರೆಗೆ ತಕ್ಕಡಿಯಿಂದ ನೋವಿಗೆ ಭಂಗವಿಲ್ಲ.