ಮಂತ್ರ ಮುಗಿದವನ ಸರದಿ

ಯೋಧ ಹತ್ತು ಮುಖದ ದಾಳ ಉರುಳಿಸಿದ. ಒಂಬತ್ತು ಗರ ಬಿತ್ತು. ಅವನ ಜೀವಬಲ ಅಷ್ಟು. ಪಕ್ಕದಲ್ಲಿ ಕೂತ ಮಾಂತ್ರಿಕನ ದಾಳಕ್ಕೆ ಇರುವುದೇ ನಾಲ್ಕು ಮುಖ, ಅದರಲ್ಲೂ ಬಿದ್ದದ್ದು ಒಂದು. ಬೆಕ್ಕು ಪರಚಿದರೂ ಆಸಾಮಿ ಸತ್ತ. ದಿನಕ್ಕೊಂದೇ ಮಂತ್ರ, ಅದು ಖರ್ಚಾದ ಮೇಲೆ ಎಲ್ಲರ ಹಿಂದೆ ಪಂಜು ಹಿಡಿದು ನಡೆಯುವ ಕೆಲಸ. 1970ರ ದಶಕದ ಕೊನೆಗೆ ಬಂದ 'ಅಡ್ವಾನ್ಸ್‌ಡ್ ಡಂಜನ್ಸ್ ಅಂಡ್ ಡ್ರಾಗನ್ಸ್' ಪುಸ್ತಕ ಹಿಡಿದವರ ಮೇಜಿನಲ್ಲಿ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ಆಟ ಹೀಗೂ ಶುರುವಾಗುತ್ತಿತ್ತು.

ಇದು ಅನ್ಯಾಯವೇ? 1974ರಲ್ಲಿ ಡೇವ್ ಆರ್ನೆಸನ್ ಜೊತೆ ಸೇರಿ ಈ ಆಟವನ್ನು ಮೂರು ಪುಟ್ಟ ಪುಸ್ತಕಗಳ ಪೆಟ್ಟಿಗೆಯಾಗಿ ಹೊರತಂದ ಗ್ಯಾರಿ ಗೈಗ್ಯಾಕ್ಸ್ ಅವರ ನಿಯಮಗಳು ಬೇರೆಯೇ ಲೆಕ್ಕ ಹೇಳುತ್ತವೆ. ಮಾಂತ್ರಿಕ ಹೇಗೋ ಬದುಕುಳಿದರೆ ಒಂದು ದಿನ ಬೆಂಕಿಯುಂಡೆ ಎಸೆದು ಇಡೀ ದಂಡನ್ನೇ ಸುಡುತ್ತಾನೆ. ಅಲ್ಲಿಗೆ ಏರುವ ಮೆಟ್ಟಿಲೂ ಅವನಿಗೆ ಕಡಿದು: ಎರಡನೇ ಲೆವೆಲ್ ತಲುಪಲು ಕಳ್ಳನಿಗೆ 1,251 ಅನುಭವಾಂಕ ಸಾಕು, ಯೋಧನಿಗೆ 2,001, ಮಾಂತ್ರಿಕನಿಗೆ 2,501. ಆಯುಷ್ಯವಿಡೀ ಕೂಡಿ ಕಳೆದರೆ ತಕ್ಕಡಿ ಸಮವಾಗುತ್ತದೆ ಎಂಬ ನಂಬಿಕೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ.

ಆದರೆ ಸೊಸೆಯ ಕಾಲ ಬರುವವರೆಗೆ ಮನೆ ನಿಲ್ಲಬೇಕಲ್ಲ? ಒಬ್ಬನಿಗೆ ವರ್ಗ, ಇನ್ನೊಬ್ಬಳಿಗೆ ಮಗು, ಮತ್ತೊಬ್ಬನಿಗೆ ಬೇಸರ. ಮೂರನೇ ಲೆವೆಲ್ಲಿಗೇ ಕಥೆ ನಿಂತುಹೋಗುತ್ತದೆ. ಮಾಂತ್ರಿಕನಿಗೆ ಬರಬೇಕಿದ್ದ ಬಾಕಿಯನ್ನು ತೀರಿಸುವವರು ಯಾರೂ ಇಲ್ಲ.

ಹೊಸ ಆವೃತ್ತಿಗಳು ಈ ಬಾಕಿಯ ಜೊತೆ ಗುದ್ದಾಡುತ್ತಲೇ ಬಂದಿವೆ. 2000ದ ಮೂರನೇ ಆವೃತ್ತಿ ಎಲ್ಲರಿಗೂ ಒಂದೇ ಅನುಭವಾಂಕದ ಪಟ್ಟಿ ಕೊಟ್ಟಿತು. ಮಾಂತ್ರಿಕನ ಮುಂದಿನ ದರ್ಬಾರು ಮಾತ್ರ ಇಳಿಯಲಿಲ್ಲ. 2008ರ ನಾಲ್ಕನೆಯದು ನಿರ್ದಾಕ್ಷಿಣ್ಯವಾಗಿ ಕತ್ತರಿ ಹಿಡಿಯಿತು. ಯಾರೇ ಆಗಲಿ, ಬೇಕಾದಾಗ ಬಳಸುವ ವರಸೆ ಕೆಲವು, ಕಾಳಗಕ್ಕೊಮ್ಮೆ ಬಳಸುವುದು ಕೆಲವು, ದಿನಕ್ಕೊಮ್ಮೆ ಬಳಸುವುದು ಕೆಲವು. ಆಯುಷ್ಯದ ಕೊನೆಗೆ ಕಾಯಬೇಕಿಲ್ಲ, ಕ್ಷಣಕ್ಷಣವೂ ಸಮ. ಲೆಕ್ಕವಾಗಿ ನೋಡಿದರೆ ಇಷ್ಟು ಅಚ್ಚುಕಟ್ಟಾದ ಆವೃತ್ತಿ ಅದಕ್ಕೆ ಮುಂಚೆ ಇರಲಿಲ್ಲ. ಆದರೂ ಬಹಳ ಮಂದಿ ಮುಖ ತಿರುಗಿಸಿದರು. ಕತ್ತಿಯೂ ಮಂತ್ರವೂ ಒಂದೇ ಹಿಟ್ಟಿನ ದೋಸೆಯಾಯಿತು ಎಂಬುದು ಅವರ ಸಿಟ್ಟು. ಹಳೆಯ ನಿಯಮಗಳನ್ನೇ ತಿದ್ದಿ ಕಟ್ಟಿದ 'ಪಾತ್‌ಫೈಂಡರ್' 2009ರಲ್ಲಿ ಬಂದಾಗ ಎಷ್ಟೋ ಮೇಜುಗಳು ಅತ್ತ ಸರಿದವು. ಅವರನ್ನು ಹಳೇ ಕಾಲದವರೆಂದು ಆಡಿಕೊಳ್ಳುವವರಿದ್ದಾರೆ, ನಾನು ಆಡಿಕೊಳ್ಳಲಾರೆ. ಅವರು ಕೇಳಿದ್ದು ಬಲವನ್ನಲ್ಲ, ಬೇರೆಯಾಗಿರುವ ಹಕ್ಕನ್ನು. 2014ರ ಐದನೇ ಆವೃತ್ತಿ ಅರ್ಧ ದಾರಿ ಹಿಂದಕ್ಕೆ ಬಂದು ರಾಜಿ ಮಾಡಿಕೊಂಡಿತು.

ಇಷ್ಟು ವರ್ಷ ತೂಗಿದ್ದು ಏಟಿನ ಬಲವನ್ನು. ಮೇಜಿನ ಸುತ್ತ ಕೂತವನು ಒಳಗೊಳಗೇ ತೂಗುವುದು ಬೇರೆ: ಉಳಿದವರು ನನ್ನ ಮುಖವನ್ನು ಎಷ್ಟು ಹೊತ್ತು ನೋಡಿದರು? 'ಹೊಡೆದೆ' ಎಂದ ಯೋಧನ ಸರದಿ ಒಂದು ಉಸಿರಿಗೆ ಮುಗಿಯುತ್ತದೆ. ಒಂದೇ ಜೀವಬಲದ ಮಾಂತ್ರಿಕ ಕಾವಲಿನ ಗಾಬ್ಲಿನ್ ಜೊತೆ ಚೌಕಾಸಿಗೆ ಕೂತರೆ ಅರ್ಧ ಗಂಟೆ ಎಲ್ಲರೂ ಅವನ ಕಡೆಗೇ. ತಾಳಮದ್ದಳೆ ಕೇಳಿದವರಿಗೆ ಇದು ಹೊಸದಲ್ಲ. ಪ್ರಸಂಗದಲ್ಲಿ ಸೋಲುವವನೇ ಎಷ್ಟೋ ಸಲ ಮಾತಿನಲ್ಲಿ ಆ ರಾತ್ರಿಯನ್ನು ಗೆದ್ದುಹೋಗುತ್ತಾನೆ. ಈ ತೂಕಕ್ಕೆ ಯಾವ ಆವೃತ್ತಿಯ ಪಟ್ಟಿಯಲ್ಲೂ ಕಾಲಂ ಇಲ್ಲ. ಅದು ಆಟ ನಡೆಸುವ ಡಂಜನ್ ಮಾಸ್ಟರ್‌ನ ಕಣ್ಣಿಗೆ ಬಿಟ್ಟದ್ದು.

ತಮ್ಮ ದಾಳವನ್ನು ಮರೆಮಾಡುವ ಅಡ್ಡಪರದೆಯ ಹಿಂದೆ ಗರವನ್ನೇ ಬದಲಿಸಿ ಮಾಂತ್ರಿಕನನ್ನು ಉಳಿಸುವ ಕರುಣಾಳು ಮಾಸ್ಟರ್‌ಗಳೂ ಉಂಟು. ನನಗದು ಒಪ್ಪಿಗೆಯಿಲ್ಲ. ಗುಟ್ಟು ಬಯಲಾದ ದಿನ ಅವನು ತಾನೇ ಗೆದ್ದದ್ದರ ಮೇಲೂ ಅನುಮಾನ ಕೂರುತ್ತದೆ. ಪರದೆಯ ಹಿಂದೆ ನೀವು ಕೂತಾಗ ದಾಳ ಬಿದ್ದ ಹಾಗೆ ಬೀಳಲಿ. ಮಂತ್ರ ಮುಗಿದು ಪಂಜು ಹಿಡಿದು ನಿಂತವನ ಕಡೆಗೆ ತಿರುಗಿ, 'ನೀನೀಗ ಏನು ಮಾಡ್ತೀಯ?' ಎಂದು ಮೊದಲು ಅವನನ್ನೇ ಕೇಳಿ.